ಕೆಟ್ಟ ಸುದ್ದಿ ನಿಮ್ಮ ತನಕ ಬರಲು ಎಷ್ಟು ದಿನ ಬೇಕು?

(ಸಾಫ್ಟ್‌ವೇರ್ ತಂಡಗಳನ್ನು ನಡೆಸುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಮೊದಲು ಕೋಡ್ ಬರೆಯುತ್ತಿದ್ದವರು. ಚೆನ್ನಾಗಿ ಬರೆದಿರಿ. ಅದಕ್ಕೇ ಒಂದು ದಿನ ಯಾರೋ ಕರೆದು "ಇನ್ನು ಮೇಲೆ ಈ ಟೀಮ್ ನೀವೇ ನೋಡಿಕೊಳ್ಳಿ" ಅಂದರು. ಅವತ್ತಿನಿಂದ ನಿಮ್ಮ ಕೆಲಸವೇ ಬೇರೆ ಆಯಿತು. ಪ್ರೋಗ್ರಾಂ ಕೆಟ್ಟರೆ ಪರದೆಯ ಮೇಲೆ ಎರರ್ ಬರುತ್ತದೆ, ಎಷ್ಟನೇ ಸಾಲಿನಲ್ಲಿ ಅಂತಲೂ ತೋರಿಸುತ್ತದೆ. ಪ್ರಾಜೆಕ್ಟ್ ಕೆಟ್ಟರೆ ಅಂಥದ್ದೇನೂ ಬರುವುದಿಲ್ಲ. ಯಾರಾದರೂ ಬಾಯಿ ಬಿಟ್ಟು ಹೇಳಬೇಕು. ಹೇಳುವವರಿಗೆ ಧೈರ್ಯ ಬೇಕು, ಕೇಳುವವರಿಗೆ ಪುರುಸೊತ್ತು ಬೇಕು.

ಒಬ್ಬ ಮ್ಯಾನೇಜರ್ ಹೇಗಿದ್ದಾರೆ ಅಂತ ತಿಳಿಯಲು ನಾನು ಒಂದೇ ವಿಷಯ ನೋಡುತ್ತೇನೆ. ಅವರ ತಂಡದಲ್ಲಿ ಒಂದು ಕೆಟ್ಟ ಸುದ್ದಿ ಹುಟ್ಟಿದರೆ, ಅದು ಅವರ ಕಿವಿಗೆ ಬೀಳಲು ಎಷ್ಟು ದಿನ ಹಿಡಿಯುತ್ತದೆ? ಒಂದು ದಿನದಲ್ಲಿ ಬಂದರೆ ಆ ಪ್ರಾಜೆಕ್ಟ್ ಹೇಗೋ ದಡ ಸೇರುತ್ತದೆ. ಎರಡು ತಿಂಗಳು ಹಿಡಿದರೆ ಯಾವ ಪ್ಲಾನೂ, ಯಾವ ಸ್ಪ್ರಿಂಟೂ (ಒಂದೆರಡು ವಾರದ ಕೆಲಸದ ಚಿಕ್ಕ ಅವಧಿ), ಯಾವ ಟೂಲೂ ಅದನ್ನು ಕಾಪಾಡಲಾರದು. ಇವತ್ತು ನಾನು ಹೇಳಲು ಬಂದಿರುವುದು ಇದಿಷ್ಟೇ. ಇದರ ಸುತ್ತಲೇ ಮಾತಾಡುತ್ತೇನೆ.

ಮೊದಲು ಒಂದು ಬಾಹ್ಯಾಕಾಶ ನೌಕೆಯ ವಿಷಯ. ನಾಸಾ 1998ರ ಡಿಸೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನು ಹಾರಿಸಿತು. 1999ರ ಸೆಪ್ಟೆಂಬರ್ 23ರಂದು ಅದು ಮಂಗಳವನ್ನು ತಲುಪಿ ಸುತ್ತಲು ಶುರು ಮಾಡಬೇಕಿತ್ತು. ಗ್ರಹದ ಹಿಂದೆ ಹೋದದ್ದು ಮತ್ತೆ ಸಿಗ್ನಲ್ ಕೊಡಲಿಲ್ಲ. ಕಾರಣ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ನೆಲದ ಮೇಲಿನ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಪೌಂಡ್ ಅಳತೆಯಲ್ಲಿ ಕೊಡುತ್ತಿತ್ತು. ಅದನ್ನು ಓದುವ ಇನ್ನೊಂದು ಸಾಫ್ಟ್‌ವೇರ್ ಅದನ್ನು ನ್ಯೂಟನ್ ಅಂತ ತಿಳಿದುಕೊಂಡಿತ್ತು. ನಾಲ್ಕೂವರೆ ಪಟ್ಟು ವ್ಯತ್ಯಾಸ. ನೌಕೆ ಮಂಗಳದ ನೆಲದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾದು ಹೋಗಬೇಕಿತ್ತು. ಆಮೇಲೆ ಲೆಕ್ಕ ಹಾಕಿದಾಗ ಅದು ಸುಮಾರು 57 ಕಿಲೋಮೀಟರಿಗೆ ಇಳಿದಿತ್ತು ಅಂತ ಗೊತ್ತಾಯಿತು.

ಈ ಕತೆಯನ್ನು ಸಾಮಾನ್ಯವಾಗಿ ಅಳತೆಯ ಗೊಂದಲ ಅಂತ ಹೇಳಿ ಮುಗಿಸುತ್ತಾರೆ. ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ನೌಕೆ ಮಂಗಳಕ್ಕೆ ಹೋಗುವ ದಾರಿಯಲ್ಲಿ ಒಂಬತ್ತು ತಿಂಗಳು ಇತ್ತು. ಆ ಅವಧಿಯಲ್ಲೇ ದಾರಿ ಲೆಕ್ಕ ಹಾಕುವ ತಂಡದವರಿಗೆ ಸಂಖ್ಯೆಗಳು ಸರಿ ಹೊಂದುತ್ತಿಲ್ಲ ಅನ್ನಿಸಿತ್ತು. ಅವರು ಸುಮ್ನೆ ಕೂತಿರಲಿಲ್ಲ, ಇಮೇಲ್ ಬರೆದು ಹೇಳಿದ್ದರು. ಆದರೆ ತೊಂದರೆಗಳನ್ನು ದಾಖಲಿಸಿ, ಬಗೆಹರಿಯುವ ತನಕ ಬೆನ್ನು ಹತ್ತುವ ಅಧಿಕೃತ ವ್ಯವಸ್ಥೆಗೆ ಆ ಮಾತು ಹೋಗಲೇ ಇಲ್ಲ. ತನಿಖಾ ಮಂಡಳಿ ತನ್ನ ವರದಿಯಲ್ಲಿ ಇದನ್ನು ಬರೆದಿದೆ. ಅಂದರೆ ಸುದ್ದಿ ಹುಟ್ಟಿತ್ತು, ಹೊರಟೂ ಇತ್ತು. ಅರ್ಧ ದಾರಿಯಲ್ಲಿ ನಿಂತು ಹೋಯಿತು.

ಇದು ಎಲ್ಲ ತಂಡದಲ್ಲೂ ಆಗುತ್ತದೆ. ಹೇಗೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಗ್ರಾಹಕರ ಮಾಹಿತಿಯನ್ನು ವರ್ಗಾಯಿಸುವ ಕೆಲಸ ನಡೆಯುತ್ತಿತ್ತು. ಅದನ್ನು ಮಾಡುತ್ತಿದ್ದ ಹುಡುಗಿಗೆ ಮೊದಲ ವಾರದಲ್ಲೇ ವಿಷಯ ತಿಳಿಯಿತು. ಒಬ್ಬನೇ ಗ್ರಾಹಕನಿಗೆ ಎರಡು ಮೂರು ದಾಖಲೆಗಳಿವೆ, ಯಾವುದು ಸರಿ ಅಂತ ಹೇಳುವವರಿಲ್ಲ, ಅಂದುಕೊಂಡ ದಿನಕ್ಕೆ ಇದು ಮುಗಿಯುವುದಿಲ್ಲ. ಅವಳು ಟೀಮ್ ಲೀಡ್‌ಗೆ ಹಾಗೇ ಹೇಳಿದಳು. ಲೀಡ್ ತನ್ನ ವರದಿಯಲ್ಲಿ "ಡೇಟಾದಲ್ಲಿ ಕೆಲವು ತೊಡಕುಗಳಿವೆ, ನೋಡುತ್ತಿದ್ದೇವೆ" ಅಂತ ಬರೆದರು. ಅವರ ಮೇಲಿನ ಮ್ಯಾನೇಜರ್ ಹತ್ತು ವರದಿಗಳನ್ನು ಸೇರಿಸಿ "ವರ್ಗಾವಣೆ ಕೆಲಸ ನಡೆಯುತ್ತಿದೆ" ಅಂತ ಒಂದು ಸಾಲು ಮಾಡಿದರು. ಅದರ ಮೇಲಿನವರ ಮೀಟಿಂಗಿನಲ್ಲಿ ಆ ಸಾಲಿನ ಪಕ್ಕ ಹಸಿರು ಚುಕ್ಕೆ ಬಿತ್ತು. ಯಾರೂ ಸುಳ್ಳು ಹೇಳಲಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಮೆತ್ತಗೆ ಮಾಡಿದರು, ಅಷ್ಟೇ. ರಿಲೀಸ್ ಹತ್ತಿರ ಬರುವ ತನಕ ಹಸಿರು ಹಸಿರಾಗಿಯೇ ಇತ್ತು. ಆಮೇಲೆ ಒಂದೇ ಸಲ ಕೆಂಪಾಯಿತು. ಆಗ ಎಲ್ಲರೂ ಕೇಳಿದ್ದು "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ. ಅವಳು ಮೊದಲ ವಾರದಲ್ಲೇ ಹೇಳಿದ್ದಳು.

ಹಾಗಾಗಿ ಸ್ಟೇಟಸ್ ರಿಪೋರ್ಟ್ ನೋಡಿ ಪ್ರಾಜೆಕ್ಟ್ ತಿಳಿಯುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಓಡುತ್ತಿರುವ ಸಾಫ್ಟ್‌ವೇರ್ ನೋಡಿ. ಡೆಮೊ ಕೇಳಿ. "ಎಷ್ಟು ಪರ್ಸೆಂಟ್ ಆಯಿತು?" ಅಂತ ಕೇಳಲೇಬೇಡಿ. ಆ ಪ್ರಶ್ನೆಗೆ ಬರುವ ಉತ್ತರ ಯಾವಾಗಲೂ 90. ಅದು ಮೂರು ವಾರ 90 ಆಗಿಯೇ ಇರುತ್ತದೆ. "ಇದರಲ್ಲಿ ಯಾವ ಭಾಗ ನಿಮಗೆ ಇನ್ನೂ ಸ್ಪಷ್ಟವಾಗಿಲ್ಲ?" ಅಂತ ಕೇಳಿ. "ಯಾವುದು ಕೈ ಕೊಡಬಹುದು ಅಂತ ನಿಮಗೆ ಅನ್ನಿಸುತ್ತಿದೆ?" ಅಂತ ಕೇಳಿ. ಇಂಥ ಪ್ರಶ್ನೆಗೆ ಜನ ಬಾಯಿ ಬಿಡುತ್ತಾರೆ. ಯಾಕೆಂದರೆ ಇಲ್ಲಿ ಕೆಟ್ಟದ್ದನ್ನು ಹೇಳುವುದೇ ಸರಿ ಉತ್ತರ.

ಈಗ ಎಸ್ಟಿಮೇಟ್, ಅಂದರೆ ಎಷ್ಟು ದಿನ ಬೇಕು ಅನ್ನುವ ಅಂದಾಜಿನ ವಿಷಯಕ್ಕೆ ಬರೋಣ. ಹೆಚ್ಚಿನ ಕೆಟ್ಟ ಸುದ್ದಿಗಳು ಹುಟ್ಟುವುದೇ ಇಲ್ಲಿ.

ಕೆಲಸ ತಡವಾಗುವುದು ಹೊಸ ರೋಗವೇನಲ್ಲ. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನ್ಯಾಟೋ ಒಂದು ಸಮ್ಮೇಳನ ನಡೆಸಿತು. ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನುವ ಹೆಸರು ಜನರ ಬಾಯಿಗೆ ಬಂದದ್ದು ಅಲ್ಲಿಂದಲೇ. ಅವತ್ತು ಅಲ್ಲಿ ಸೇರಿದವರ ಚಿಂತೆಯೂ ಇದೇ: ದೊಡ್ಡ ಪ್ರೋಗ್ರಾಂಗಳು ಹೇಳಿದ ದಿನಕ್ಕೆ ಮುಗಿಯುತ್ತಿಲ್ಲ, ಹೇಳಿದ ಖರ್ಚಿನಲ್ಲಿ ಆಗುತ್ತಿಲ್ಲ. 1979ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್‌ಕಿ ಇದಕ್ಕೆ ಮನಸ್ಸಿನ ಕಡೆಯಿಂದ ಒಂದು ವಿವರಣೆ ಕೊಟ್ಟರು. ನಾವು ಮುಂದಿನ ಕೆಲಸವನ್ನು ಅಂದಾಜು ಮಾಡುವಾಗ ಆ ಕೆಲಸವನ್ನು ಮಾತ್ರ ನೋಡುತ್ತೇವೆ, ಹಿಂದೆ ಅಂಥದ್ದೇ ಕೆಲಸಗಳು ಎಷ್ಟು ದಿನ ತೆಗೆದುಕೊಂಡವು ಅಂತ ನೋಡುವುದಿಲ್ಲ.

ಇದನ್ನು ಆಮೇಲೆ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದು. ನಿಮ್ಮ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕು ಅಂತ ಕೇಳಿದರು. ಸರಾಸರಿ ಸುಮಾರು 34 ದಿನ ಅಂದರು. ಎಲ್ಲವೂ ಕೆಟ್ಟದ್ದಾಗಿಯೇ ನಡೆದರೆ ಎಷ್ಟು ದಿನ ಅಂತ ಮತ್ತೆ ಕೇಳಿದರು. ಸುಮಾರು 49 ದಿನ ಅಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಸ್ವಲ್ಪ ಹೆಚ್ಚು. ಗಮನಿಸಿ, ಎಲ್ಲ ಕೆಟ್ಟರೂ ಇಷ್ಟೇ ಅಂತ ಹೇಳಿದ್ದ ಲೆಕ್ಕವೂ ಸಾಲಲಿಲ್ಲ. ಇವರನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಅವರ ಮುಂದೆ ಕ್ಲೈಂಟ್ ಕೂತಿರಲಿಲ್ಲ. ಹೀಗಿದ್ದೂ ಹೀಗಾಯಿತು ಅಂದರೆ, ನಮ್ಮ ತಂಡದವರು ಮೀಟಿಂಗಿನಲ್ಲಿ ಎಲ್ಲರ ಎದುರು ಕೊಡುವ ಅಂದಾಜು ಹೇಗಿರಬಹುದು?

ಸಾಫ್ಟ್‌ವೇರ್ ಎಂಜಿನಿಯರ್ ಬ್ಯಾರಿ ಬೋಹೆಮ್ 1981ರಲ್ಲಿ ಇನ್ನೊಂದು ಮಾತು ಹೇಳಿದರು. ಏನು ಕಟ್ಟಬೇಕು ಅನ್ನುವುದೇ ಇನ್ನೂ ಮಸುಕಾಗಿರುವ ಹೊತ್ತಿನಲ್ಲಿ ಮಾಡಿದ ಅಂದಾಜು ನಿಜಕ್ಕಿಂತ ನಾಲ್ಕು ಪಟ್ಟು ಹೆಚ್ಚೂ ಇರಬಹುದು, ನಾಲ್ಕನೇ ಒಂದು ಭಾಗವೂ ಇರಬಹುದು. ಕೆಲಸ ಮುಂದುವರಿದಂತೆ, ವಿಷಯ ತಿಳಿಯುತ್ತಾ ಹೋದಂತೆ ಈ ಅಂತರ ಕಿರಿದಾಗುತ್ತದೆ. ನಾವು ಮಾಡುವುದೇನು? ಏನೂ ಗೊತ್ತಿಲ್ಲದ ಮೊದಲ ವಾರದಲ್ಲಿ ಒಂದು ತಾರೀಕು ಕೇಳುತ್ತೇವೆ. ಅದನ್ನು ಕ್ಲೈಂಟ್‌ಗೆ ಹೇಳುತ್ತೇವೆ. ಆಮೇಲೆ ಆ ತಾರೀಕನ್ನು ಮುಟ್ಟಲು ಬಿಡುವುದಿಲ್ಲ.

ಅಂದಾಜು ಬೇರೆ, ಮಾತು ಕೊಡುವುದು ಬೇರೆ. "ಸುಮಾರು ಆರು ವಾರ ಆಗಬಹುದು" ಅಂತ ಎಂಜಿನಿಯರ್ ಅಂದದ್ದನ್ನು "ಆರು ವಾರಕ್ಕೆ ಕೊಡುತ್ತೇನೆ ಅಂದಿದ್ದಿರಲ್ಲ" ಅಂತ ಮ್ಯಾನೇಜರ್ ತಿರುಗಿಸಿದ ಮರುದಿನದಿಂದ ಆ ತಂಡದಲ್ಲಿ ಎರಡರಲ್ಲಿ ಒಂದು ನಡೆಯುತ್ತದೆ. ಒಂದು, ಎಲ್ಲರೂ ಅಂದಾಜನ್ನು ದುಪ್ಪಟ್ಟು ಮಾಡಿ ಹೇಳುತ್ತಾರೆ. ಇಲ್ಲದಿದ್ದರೆ, ತಡವಾಗುತ್ತಿದೆ ಅಂತ ಗೊತ್ತಿದ್ದರೂ ಕೊನೆಯ ವಾರದ ತನಕ ಬಾಯಿ ಬಿಡುವುದಿಲ್ಲ. ಎರಡರಲ್ಲೂ ನಿಮಗೆ ನಿಜ ಸಿಗುವುದಿಲ್ಲ. ಅದಕ್ಕೇ ನಾನು ಒಂದು ಸಂಖ್ಯೆ ಕೇಳುವುದಿಲ್ಲ, ಎರಡು ಕೇಳುತ್ತೇನೆ: ಎಲ್ಲ ಚೆನ್ನಾಗಿ ನಡೆದರೆ ಎಷ್ಟು, ಚೆನ್ನಾಗಿ ನಡೆಯದಿದ್ದರೆ ಎಷ್ಟು? ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಆ ಕೆಲಸದಲ್ಲಿ ಗೊತ್ತಿಲ್ಲದ್ದು ಜಾಸ್ತಿ ಇದೆ ಅಂತ ಅರ್ಥ. ಆಗ ಅದರಲ್ಲಿ ಯಾವುದು ಗೊತ್ತಿಲ್ಲವೋ ಅದನ್ನೇ ಮೊದಲು ಕೈಗೆ ತೆಗೆದುಕೊಳ್ಳುತ್ತೇವೆ. ಸುಲಭದ್ದನ್ನು ಮೊದಲು ಮಾಡಿ ಕಷ್ಟದ್ದನ್ನು ಕೊನೆಗೆ ಇಟ್ಟರೆ ಕೆಟ್ಟ ಸುದ್ದಿಯನ್ನೂ ಕೊನೆಗೆ ಇಟ್ಟ ಹಾಗೆ.

ಸರಿ, ತಡವಾಗುತ್ತಿದೆ ಅಂತ ಗೊತ್ತಾಯಿತು ಅಂದುಕೊಳ್ಳಿ. ಮೇಲಿನವರು ಮೊದಲು ಹೇಳುವ ಮಾತು ಯಾವುದು? "ಇನ್ನೂ ಐದು ಜನರನ್ನು ಕೊಡುತ್ತೇನೆ."

ಫ್ರೆಡ್ ಬ್ರೂಕ್ಸ್ 1960ರ ದಶಕದಲ್ಲಿ ಐಬಿಎಂನಲ್ಲಿ ಓಎಸ್/360 ಅನ್ನುವ ಭಾರಿ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಕೆಲಸವನ್ನು ನಡೆಸಿದವರು. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ ಅವರು 1975ರಲ್ಲಿ ಬರೆದರು. ಐವತ್ತು ವರ್ಷ ಕಳೆಯಿತು. ಎಲ್ಲರೂ ಈ ಮಾತನ್ನು ಹೇಳುತ್ತಾರೆ, ಜನರನ್ನೂ ಸೇರಿಸುತ್ತಾರೆ.

ಕಾರಣ ಸರಳ ಲೆಕ್ಕ. ಐದು ಜನರ ತಂಡದಲ್ಲಿ ಒಬ್ಬರಿಗೊಬ್ಬರು ಮಾತಾಡುವ ಜೋಡಿಗಳು 10. ಹತ್ತು ಜನರಾದರೆ 45. ಹದಿನೈದು ಜನರಾದರೆ 105. ಜನ ಮೂರು ಪಟ್ಟಾದರು, ಮಾತಿನ ದಾರಿಗಳು ಹತ್ತು ಪಟ್ಟು ದಾಟಿದವು. ಅದರ ಮೇಲೆ, ಹೊಸಬರಿಗೆ ಹೇಳಿಕೊಡಬೇಕಾದವರು ಯಾರು? ಈಗಾಗಲೇ ತಡವಾಗಿರುವ ಕೆಲಸವನ್ನು ಮಾಡುತ್ತಿರುವವರೇ. ಅವರ ಅರ್ಧ ದಿನ ಅದಕ್ಕೇ ಹೋಗುತ್ತದೆ. ಕೆಲಸವನ್ನು ಮತ್ತೆ ಹಂಚಬೇಕು. ಹಂಚಿದ ತುಂಡುಗಳು ಮತ್ತೆ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಬಗ್.

ಬ್ರೂಕ್ಸ್ ಹೇಳಿದ್ದನ್ನು ನಾನು ಸುದ್ದಿಯ ಕಡೆಯಿಂದಲೂ ನೋಡುತ್ತೇನೆ. ಐದು ಜನರ ತಂಡದಲ್ಲಿ ಒಬ್ಬರಿಗೆ ತೊಂದರೆ ಬಂದರೆ ಮಧ್ಯಾಹ್ನದೊಳಗೆ ಎಲ್ಲರಿಗೂ ಗೊತ್ತು. ಹದಿನೈದು ಜನರಾದ ಮೇಲೆ "ಯಾರಾದರೂ ಹೇಳಿರುತ್ತಾರೆ ಬಿಡು" ಅಂತ ಶುರುವಾಗುತ್ತದೆ.

ಇದಕ್ಕೆ ಉಲ್ಟಾ ನಡೆದ ಒಂದು ಉದಾಹರಣೆ ಇದೆ. ನನಗೆ ತುಂಬಾ ಇಷ್ಟವಾದದ್ದು. ಅಮೆರಿಕದ ಎಫ್‌ಬಿಐ ತನ್ನ ತನಿಖೆಯ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರಲು ಹೊರಟಿತು. ಮೊದಲ ಪ್ರಯತ್ನ ವರ್ಚುವಲ್ ಕೇಸ್ ಫೈಲ್. ಸುಮಾರು 17 ಕೋಟಿ ಡಾಲರ್ ಸುರಿದು 2005ರಲ್ಲಿ ಕೈಬಿಟ್ಟರು. ರಿಕ್ವೈರ್‌ಮೆಂಟ್‌ಗಳು, ಅಂದರೆ ಏನೇನು ಬೇಕು ಅನ್ನುವ ಬೇಡಿಕೆಗಳು, ಬದಲಾಗುತ್ತಲೇ ಹೋಗಿದ್ದವು. 2006ರಲ್ಲಿ ಸೆಂಟಿನೆಲ್ ಅಂತ ಎರಡನೇ ಪ್ರಯತ್ನ. ಹೊರಗಿನ ಗುತ್ತಿಗೆದಾರರಿಗೆ ಕೊಟ್ಟರು, ನಾಲ್ಕು ದೊಡ್ಡ ಹಂತಗಳಲ್ಲಿ. 2010ರ ಹೊತ್ತಿಗೆ 45 ಕೋಟಿ ಡಾಲರ್ ಬಜೆಟ್ಟಿನಲ್ಲಿ ಸುಮಾರು 40 ಕೋಟಿ ಖರ್ಚಾಗಿತ್ತು, ಕೈಗೆ ಬಂದದ್ದು ಎರಡು ಹಂತ ಮಾತ್ರ.

ಆಗ ಅವರು ಜನರನ್ನು ಸೇರಿಸಲಿಲ್ಲ. ಕೆಲಸವನ್ನು ತಮ್ಮ ಕೈಗೇ ತೆಗೆದುಕೊಂಡರು. ತಂಡವನ್ನು ಬಹಳ ಚಿಕ್ಕದು ಮಾಡಿದರು. ಎರಡು ವಾರದ ತುಂಡುಗಳಾಗಿ ಕೆಲಸ ಹಂಚಿಕೊಂಡರು. ಪ್ರತಿ ಎರಡು ವಾರಕ್ಕೆ ಓಡುವ ಸಾಫ್ಟ್‌ವೇರನ್ನೇ ಎಲ್ಲರ ಮುಂದೆ ತೋರಿಸಿದರು. ಹಾಗಂತ ಅವರೂ ಹೇಳಿದ ಮೊದಲ ತಾರೀಕಿಗೆ ಮುಗಿಸಲಿಲ್ಲ, ತಡವಾಯಿತು. ಆದರೆ ಎಷ್ಟು ತಡವಾಗುತ್ತಿದೆ, ಯಾಕೆ ಅನ್ನುವುದು ಎರಡೆರಡು ವಾರಕ್ಕೂ ಕಣ್ಣಿಗೆ ಕಾಣುತ್ತಿತ್ತು. 2012ರ ಜುಲೈನಲ್ಲಿ ಸೆಂಟಿನೆಲ್ ಎಲ್ಲ ಕಚೇರಿಗಳಲ್ಲೂ ಬಳಕೆಗೆ ಬಂತು.

ಹೀಗೆ ಚಿಕ್ಕ ಚಿಕ್ಕ ತುಂಡುಗಳಲ್ಲಿ ಮಾಡಿ ತೋರಿಸುತ್ತಾ ಹೋಗುವ ಪದ್ಧತಿಗೆ ಅಜೈಲ್ ಅನ್ನುತ್ತಾರೆ. ಅಜೈಲ್ ಅಂದರೆ ಬೇಗ ಬೇಗ ಕೆಲಸ ಮಾಡುವುದು ಅಂತ ಬಹಳ ಜನ ತಿಳಿದಿದ್ದಾರೆ. 2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರಲ್ಲಿ ಬರೆದಿರುವುದು ವೇಗಕ್ಕಿಂತ ಹೆಚ್ಚಾಗಿ ಬೇರೆಯದೇ ವಿಷಯ: ಜನ, ಅವರ ನಡುವಿನ ಮಾತು, ಓಡುವ ಸಾಫ್ಟ್‌ವೇರ್, ಬದಲಾವಣೆಗೆ ಸ್ಪಂದಿಸುವುದು. ಎರಡು ವಾರದ ಸ್ಪ್ರಿಂಟಿನ ನಿಜವಾದ ಲಾಭ ಅಂದರೆ, ಕೆಟ್ಟ ಸುದ್ದಿ ಅಡಗಿಕೊಳ್ಳಲು ಎರಡು ವಾರಕ್ಕಿಂತ ಹೆಚ್ಚು ಜಾಗ ಸಿಗುವುದಿಲ್ಲ. ಡೆಮೊ ಮಾಡದೆ, ಬೆಳಗ್ಗೆ ಸ್ಟ್ಯಾಂಡ್‌ಅಪ್ (ನಿಂತುಕೊಂಡೇ ಮಾಡುವ ಚಿಕ್ಕ ಸಭೆ) ಮಾತ್ರ ಮಾಡಿದರೆ ಆ ಲಾಭ ಹೋಯಿತು. ಸ್ಟ್ಯಾಂಡ್‌ಅಪ್‌ನಲ್ಲಿ ಎಲ್ಲರೂ ಮ್ಯಾನೇಜರ್ ಮುಖ ನೋಡಿಕೊಂಡು ವರದಿ ಒಪ್ಪಿಸುತ್ತಿದ್ದರೆ ಅದೂ ಬಾಯಿಂದ ಹೇಳುವ ಸ್ಟೇಟಸ್ ರಿಪೋರ್ಟೇ.

ಇಲ್ಲೇ ಇನ್ನೊಂದು ಚಿಕ್ಕ ಲೆಕ್ಕ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ. ತಂಡದ ಕೈಯಲ್ಲಿ ಒಟ್ಟಿಗೆ 12 ಕೆಲಸ ಇವೆ, ವಾರಕ್ಕೆ 3 ಮುಗಿಯುತ್ತವೆ ಅಂದರೆ ಒಂದೊಂದು ಕೆಲಸ ಸರಾಸರಿ 4 ವಾರ ಕೈಯಲ್ಲೇ ಇರುತ್ತದೆ. ಅದೇ ವೇಗದಲ್ಲಿ ಕೈಯಲ್ಲಿರುವುದನ್ನು 6ಕ್ಕೆ ಇಳಿಸಿದರೆ 2 ವಾರ. ಯಾರೂ ಹೆಚ್ಚು ದುಡಿಯಬೇಕಾಗಿಲ್ಲ. ಶುರು ಮಾಡುವುದನ್ನು ಕಡಿಮೆ ಮಾಡಬೇಕು, ಅಷ್ಟೇ. ಶುರುವಾಗಿ ಮುಗಿಯದ ಕೆಲಸದೊಳಗೆ ಏನು ಕೆಟ್ಟಿದೆ ಅಂತ ಯಾರಿಗೂ ತಿಳಿಯದು. ಟೆಸ್ಟ್ ಆದಾಗ, ಬಳಕೆದಾರರ ಕೈಗೆ ಹೋದಾಗಲೇ ತಿಳಿಯುವುದು. "ಎಲ್ಲರೂ ಬ್ಯುಸಿ ಇದ್ದಾರಾ?" ಅಂತ ನೋಡುವ ಮ್ಯಾನೇಜರ್‌ಗಳಿದ್ದಾರೆ. "ಏನಾದರೂ ಮುಗಿಯುತ್ತಿದೆಯಾ?" ಅಂತ ನೋಡಿದರೆ ಒಳ್ಳೆಯದು.

ಈಗ ಇವತ್ತಿನ ಮಾತಿನ ಮುಖ್ಯ ಭಾಗ. ಹೇಳಿದವರಿಗೆ ಏನಾಗುತ್ತದೆ?

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡಿದರು. ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಅವರು ಎಣಿಸಿದ್ದರು. ಬಂದ ಅಂಕಿಗಳು ಉಲ್ಟಾ. ಒಗ್ಗಟ್ಟಾಗಿರುವ, ಒಳ್ಳೆಯ ನಾಯಕತ್ವ ಇರುವ ತಂಡಗಳಲ್ಲೇ ತಪ್ಪಿನ ದಾಖಲೆ ಹೆಚ್ಚಿತ್ತು. ಆಮೇಲೆ ಹತ್ತಿರದಿಂದ ನೋಡಿದಾಗ ತಿಳಿದದ್ದೇನೆಂದರೆ, ಅವರು ತಪ್ಪನ್ನು ಮುಚ್ಚಿಡುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳುತ್ತಿದ್ದರು. ಬೇರೆ ತಂಡಗಳಲ್ಲಿ ಹೇಳಲು ಹೆದರುತ್ತಿದ್ದರು. 1999ರಲ್ಲಿ ಅವರು ಇದನ್ನು ಕೆಲಸದ ತಂಡಗಳಿಗೆ ವಿಸ್ತರಿಸಿ ಬರೆದರು. ಹೇಳಿದರೆ ನನಗೆ ಅವಮಾನ ಆಗುವುದಿಲ್ಲ, ಶಿಕ್ಷೆ ಆಗುವುದಿಲ್ಲ ಅನ್ನುವ ನಂಬಿಕೆ ಇರುವ ತಂಡವೇ ಕಲಿಯುತ್ತದೆ ಅಂತ.

ಇದರ ಅರ್ಥ ಏನು ನೋಡಿ. ನಿಮ್ಮ ತಂಡದ ಬಗ್ ಪಟ್ಟಿ ಉದ್ದ ಇದೆ, ಪಕ್ಕದ ತಂಡದ್ದು ಚಿಕ್ಕದು. ಅಷ್ಟರಿಂದಲೇ ಅವರು ಉತ್ತಮ ಅಂತ ತೀರ್ಮಾನ ಮಾಡಬೇಡಿ. ಬಗ್‌ಗಳ ಸಂಖ್ಯೆ ನೋಡಿ ಬಡ್ತಿ ಕೊಡುವ ಕಡೆ ಬಗ್ ಕಡಿಮೆಯಾಗುವುದಿಲ್ಲ, ಬರೆಯುವುದು ಕಡಿಮೆಯಾಗುತ್ತದೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ (ತಂಡಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಸೇವೆ ಕೊಡುವ ಕಂಪನಿ) ನಡೆದದ್ದನ್ನು ಹೇಳುತ್ತೇನೆ. ಡೇಟಾಬೇಸ್ ಮೇಲೆ ಒತ್ತಡ ಜಾಸ್ತಿಯಾಗಿತ್ತು. ಎರಡನೇ ಸರ್ವರ್‌ಗೆ ಪ್ರತಿ ಹೋಗುತ್ತಿರಲಿಲ್ಲ. ತಡರಾತ್ರಿ ಅದನ್ನು ಸರಿ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನಲ್ಲೇ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ತೆಗೆಯಲು ಹೋದರು. ನಿತ್ಯದ ಬ್ಯಾಕಪ್ ಬಹಳ ದಿನದಿಂದ ಆಗುತ್ತಲೇ ಇರಲಿಲ್ಲ. ಟೂಲಿನ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಸೋಲುತ್ತಿತ್ತು. ಸೋತಾಗಲೆಲ್ಲ ಅದು ಇಮೇಲ್ ಕಳಿಸುತ್ತಿತ್ತು. ಆ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಯಂತ್ರ ಕೆಟ್ಟ ಸುದ್ದಿ ಹೇಳುತ್ತಲೇ ಇತ್ತು, ಅದು ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಆರು ಗಂಟೆ ಹಿಂದೆ ಬೇರೆ ಕೆಲಸಕ್ಕಾಗಿ ತೆಗೆದಿದ್ದ ಒಂದು ಪ್ರತಿ ಸಿಕ್ಕಿ ಬಚಾವಾದರು. ಆರು ಗಂಟೆಯ ಮಾಹಿತಿ ಹೋಯಿತು.

ಆ ಕಂಪನಿ ಆಮೇಲೆ ನಡೆದುಕೊಂಡ ರೀತಿ ನಾನು ಎಲ್ಲ ಕಡೆ ಹೇಳುವಂಥದ್ದು. ರಿಪೇರಿ ನಡೆಯುತ್ತಿರುವಾಗಲೇ ಏನಾಗುತ್ತಿದೆ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆದರು, ನೇರ ಪ್ರಸಾರವನ್ನೂ ಮಾಡಿದರು. ಆಮೇಲಿನ ವರದಿಯಲ್ಲಿ ಆ ಎಂಜಿನಿಯರ್ ಹೆಸರಿಲ್ಲ. ಒಬ್ಬ ದಣಿದ ಮನುಷ್ಯ ರಾತ್ರಿ ಒಂದು ಕಮಾಂಡ್ ತಪ್ಪು ಕೊಟ್ಟರೆ ಇಡೀ ಸೇವೆ ಬಿದ್ದು ಹೋಗುವ ಹಾಗೆ ವ್ಯವಸ್ಥೆ ಯಾಕಿತ್ತು, ಬ್ಯಾಕಪ್ ಸರಿಯಾಗಿದೆಯಾ ಅಂತ ನೋಡುವ ಜವಾಬ್ದಾರಿ ಯಾರದ್ದೂ ಆಗಿರಲಿಲ್ಲ ಯಾಕೆ ಅಂತ ಕೇಳಿಕೊಂಡರು. ಆ ಎಂಜಿನಿಯರನ್ನು ಹೊರಗೆ ಹಾಕಿ ಕೈ ತೊಳೆದುಕೊಂಡಿದ್ದರೆ ಆ ತಿರಸ್ಕೃತ ಇಮೇಲ್‌ಗಳ ವಿಷಯ ಯಾರಿಗೆ ಗೊತ್ತಾಗುತ್ತಿತ್ತು ಹೇಳಿ?

ನೈಟ್ ಕ್ಯಾಪಿಟಲ್ ಅನ್ನುವ ಷೇರು ವ್ಯಾಪಾರದ ಕಂಪನಿಯದ್ದು ಇದಕ್ಕಿಂತ ದೊಡ್ಡ ಪೆಟ್ಟು. 2012ರ ಆಗಸ್ಟ್ 1. ಹೊಸ ಕೋಡನ್ನು ಎಂಟು ಸರ್ವರ್‌ಗೆ ಹಾಕಬೇಕಿತ್ತು, ಏಳಕ್ಕೆ ಹಾಕಿದರು. ಎಂಟನೆಯದರಲ್ಲಿ ವರ್ಷಗಟ್ಟಲೆ ಬಳಸದ ಹಳೆಯ ಕೋಡ್ ಎಚ್ಚರಗೊಂಡಿತು. ಸುಮಾರು 45 ನಿಮಿಷದಲ್ಲಿ ಬೇಡದ ಲಕ್ಷಾಂತರ ವಹಿವಾಟು ನಡೆದು 46 ಕೋಟಿ ಡಾಲರಿಗೂ ಹೆಚ್ಚು ನಷ್ಟ. ಅಮೆರಿಕದ ಷೇರು ನಿಯಂತ್ರಕರ ಆದೇಶದಲ್ಲಿ ಒಂದು ವಿವರ ಇದೆ. ಅವತ್ತು ಮಾರುಕಟ್ಟೆ ತೆರೆಯುವ ಮುಂಚೆಯೇ ಸಿಸ್ಟಮ್ 97 ಇಮೇಲ್ ಕಳಿಸಿತ್ತು, ತೊಂದರೆ ಯಾವ ಭಾಗದಲ್ಲಿ ಅಂತ ಹೆಸರು ಸಮೇತ. ಅವುಗಳನ್ನು ಎಚ್ಚರಿಕೆ ಅಂತ ಓದುವ ಪದ್ಧತಿ ಅಲ್ಲಿರಲಿಲ್ಲ. ಕೋಡ್ ಹಾಕಿದ್ದನ್ನು ಇನ್ನೊಬ್ಬರು ನೋಡಬೇಕು ಅನ್ನುವ ನಿಯಮವೂ ಇರಲಿಲ್ಲ.

ಈ ಕತೆಯನ್ನು ಕೇಳಿದವರು "ಆ ಟೆಕ್ನಿಷಿಯನ್ ಒಂದು ಸರ್ವರ್ ಮರೆತ" ಅಂತ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಕಾಡುವುದು ಆ 97 ಇಮೇಲ್‌ಗಳು. ನಿಮ್ಮ ಇನ್‌ಬಾಕ್ಸಿನಲ್ಲಿ ತನ್ನಷ್ಟಕ್ಕೆ ಬಂದು ಬೀಳುವ, ನೀವು ತೆರೆಯದ ಇಮೇಲ್‌ಗಳು ಎಷ್ಟಿವೆ? ಒಂದೋ ಅವುಗಳನ್ನು ಬರದ ಹಾಗೆ ಮಾಡಿ, ಇಲ್ಲವೇ ಓದುವವರೊಬ್ಬರನ್ನು ನೇಮಿಸಿ. ಯಾರೂ ಓದದ ಎಚ್ಚರಿಕೆ ಇರುವುದಕ್ಕಿಂತ ಇಲ್ಲದಿರುವುದು ಮೇಲು. ಇಲ್ಲ ಅಂತಾದರೂ ಗೊತ್ತಿರುತ್ತದೆ.

ಕೊನೆಯದಾಗಿ ಒಬ್ಬೊಬ್ಬರ ಜೊತೆ ಕೂತು ಮಾತಾಡುವ ವಿಷಯ. ವಾರಕ್ಕೋ ಎರಡು ವಾರಕ್ಕೋ ಅರ್ಧ ಗಂಟೆ. ಇದನ್ನು ಮುಂದೂಡಬೇಡಿ. ದೊಡ್ಡ ಮೀಟಿಂಗ್ ಬಂತು ಅಂತ ಇದನ್ನೇ ಮೊದಲು ತೆಗೆದು ಹಾಕುತ್ತೇವೆ, ಅಲ್ವಾ? ಹಾಗೆ ಮಾಡಿದಾಗ ಅವರಿಗೆ ತಲುಪುವ ಸಂದೇಶ ಒಂದೇ: ನಿನ್ನ ಮಾತು ಆಮೇಲೆ. ಆ ಅರ್ಧ ಗಂಟೆಯಲ್ಲಿ ಕೆಲಸದ ಪಟ್ಟಿ ಓದಿಸಬೇಡಿ. ಅದು ಟ್ರ್ಯಾಕರ್‌ನಲ್ಲೇ ಇದೆ. ಅವರು ಮಾತಾಡಲಿ. ಮೊದಲ ಹತ್ತು ನಿಮಿಷ ಏನೂ ಬರುವುದಿಲ್ಲ. ಹೊರಡುವ ಮುಂಚೆ, ಎದ್ದು ನಿಂತಾಗ, "ಇನ್ನೊಂದು ವಿಷಯ, ಅಷ್ಟೇನೂ ದೊಡ್ಡದಲ್ಲ" ಅಂತ ಶುರು ಮಾಡುತ್ತಾರೆ. ಅದೇ ದೊಡ್ಡದು. ಮತ್ತೆ ಕೂರಿಸಿಕೊಂಡು ಕೇಳಿ.

ಹೇಳಿದ ಮೇಲೆ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದನ್ನು ಅವರು ನೋಡುತ್ತಿರುತ್ತಾರೆ. ಹುಬ್ಬು ಗಂಟಿಕ್ಕಿ "ಇದು ಈಗ ಹೇಳ್ತೀಯಾ?" ಅಂದರೆ ಮುಂದಿನ ಸಲ ಇನ್ನೂ ತಡವಾಗಿ ಹೇಳುತ್ತಾರೆ, ಅಥವಾ ಹೇಳುವುದೇ ಇಲ್ಲ. "ಹೇಳಿದ್ದು ಒಳ್ಳೆಯದಾಯಿತು, ಈಗ ಏನು ಮಾಡೋಣ?" ಅನ್ನಿ. ಆಮೇಲೆ ಏನಾದರೂ ಮಾಡಿ. ಇದು ಮುಖ್ಯ. ನಗುನಗುತ್ತಾ ಕೇಳಿಸಿಕೊಂಡು ಏನೂ ಮಾಡದೆ ಬಿಡುವ ಮ್ಯಾನೇಜರ್‌ಗೂ ಜನ ಹೇಳುವುದನ್ನು ನಿಲ್ಲಿಸುತ್ತಾರೆ. ಅವರಿಗೆ ಹೆದರಿಕೆ ಇರುವುದಿಲ್ಲ, ಆದರೆ ಪ್ರಯೋಜನ ಇಲ್ಲ ಅನ್ನಿಸಿರುತ್ತದೆ.

ಪ್ರಶ್ನೆಗಳು ಇದ್ದರೆ ಕೇಳಿ.

*ನನ್ನ ಮೇಲಿನವರೇ ಕೆಟ್ಟ ಸುದ್ದಿ ಕೇಳುವವರಲ್ಲ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ಏನು ಮಾಡಲಿ ಮೇಡಂ?*

ಇದು ತುಂಬಾ ಕಷ್ಟದ ಜಾಗ. ನಾನು ಎರಡು ವಿಷಯ ಹೇಳಬಲ್ಲೆ. ಒಂದು, ಸುದ್ದಿಯ ಜೊತೆ ಆಯ್ಕೆಗಳನ್ನೂ ತೆಗೆದುಕೊಂಡು ಹೋಗಿ. "ತಡವಾಗುತ್ತದೆ" ಅಂತ ಅಷ್ಟೇ ಹೇಳಿದರೆ ಅವರಿಗೆ ಕೋಪ ಬಿಟ್ಟು ಬೇರೆ ದಾರಿ ಇಲ್ಲ. "ಈ ಎರಡು ಫೀಚರ್ ಬಿಟ್ಟರೆ ಅದೇ ದಿನಕ್ಕೆ ಕೊಡಬಹುದು. ಎಲ್ಲವೂ ಬೇಕಾದರೆ ಐದು ವಾರ ಜಾಸ್ತಿ. ನಿಮಗೆ ಯಾವುದು ಸರಿ?" ಅಂತ ಕೇಳಿದರೆ ಅವರಿಗೆ ತೀರ್ಮಾನ ಮಾಡುವ ಕೆಲಸ ಸಿಗುತ್ತದೆ. ಎರಡು, ಬರಹದಲ್ಲಿ ಹೇಳಿ, ಬೇಗ ಹೇಳಿ. ಮೆತ್ತಗೆ ಮಾಡಬೇಡಿ. "ತೊಡಕುಗಳಿವೆ" ಅಂತ ಬರೆಯಬೇಡಿ. "ಮಾರ್ಚ್ ಕೊನೆಗೆ ಇದು ಆಗುವುದಿಲ್ಲ, ಕಾರಣ ಇದು" ಅಂತ ಬರೆಯಿರಿ. ಇಷ್ಟಾದ ಮೇಲೂ ಕೇಳದಿದ್ದರೆ, ಕೆಳಗಿನವರ ಮೇಲೆ ಆ ಒತ್ತಡವನ್ನು ಹಾಗೇ ಇಳಿಸದೆ ತಡೆಯುವುದು ನಿಮ್ಮ ಕೈಯಲ್ಲಿದೆ. ಅದು ದಣಿಸುವ ಕೆಲಸ. ಎಷ್ಟು ಕಾಲ ಮಾಡಬಲ್ಲಿರಿ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

*ನಮ್ಮ ತಂಡದವರು ಬೇರೆ ಬೇರೆ ದೇಶಗಳಲ್ಲಿದ್ದಾರೆ. ನೀವು ಹೇಳಿದ ಹಾಗೆ ಮುಖ ನೋಡಿ ಮಾತಾಡಲು ಆಗುವುದಿಲ್ಲ.*

ಆಗ ಬರೆಯುವುದನ್ನು ಜಾಸ್ತಿ ಮಾಡಬೇಕು. ತೀರ್ಮಾನಗಳು ಕಾಲ್‌ನಲ್ಲಿ ಆಗಿ ಅಲ್ಲೇ ಉಳಿದರೆ, ಆ ಹೊತ್ತಿಗೆ ಮಲಗಿದ್ದವರಿಗೆ ತಿಳಿಯುವುದೇ ಇಲ್ಲ. ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದರು: ಒಂದು ಸಂಸ್ಥೆಯಲ್ಲಿ ಜನರ ನಡುವೆ ಮಾತು ಹೇಗೆ ಹರಿಯುತ್ತದೋ ಅವರು ಕಟ್ಟುವ ಸಿಸ್ಟಮ್‌ನ ರೂಪವೂ ಹಾಗೇ ಇರುತ್ತದೆ. ಎರಡು ಊರಿನ ತಂಡಗಳು ಒಂದೇ ಮಾಡ್ಯೂಲನ್ನು (ಸಿಸ್ಟಮ್‌ನ ಒಂದು ಭಾಗವನ್ನು) ಅರ್ಧರ್ಧ ಮಾಡುತ್ತಿದ್ದರೆ ಆ ಮಾಡ್ಯೂಲಿನ ಮಧ್ಯದಲ್ಲೇ ಬಿರುಕು ಬರುತ್ತದೆ. ಆದಷ್ಟು ಒಂದು ಭಾಗ ಪೂರ್ತಿಯಾಗಿ ಒಂದು ಕಡೆಯವರ ಕೈಯಲ್ಲೇ ಇರಲಿ. ಇನ್ನು ಒಬ್ಬೊಬ್ಬರ ಜೊತೆ ಮಾತು ವಿಡಿಯೋದಲ್ಲೂ ಆಗುತ್ತದೆ. ಆದರೆ ಯಾವಾಗಲೂ ಅವರೇ ಅವರ ರಾತ್ರಿ ಹತ್ತು ಗಂಟೆಗೆ ಬರಬೇಕು ಅನ್ನಬೇಡಿ. ಒಂದು ವಾರ ಅವರು ಎದ್ದಿರಲಿ, ಮುಂದಿನ ವಾರ ನೀವು ಎದ್ದಿರಿ.

*ಯಾರನ್ನೂ ದೂರಬಾರದು ಅಂದರೆ ಕೆಲಸ ಮಾಡದವರನ್ನು ಏನು ಮಾಡುವುದು? ಜವಾಬ್ದಾರಿ ಅನ್ನುವುದು ಬೇಡವಾ?*

ಬೇಕು. ಖಂಡಿತ ಬೇಕು. ಇದನ್ನು ಕೇಳಿದ್ದು ಒಳ್ಳೆಯದಾಯಿತು. ತಪ್ಪು ಮಾಡಿ ಬಂದು ಹೇಳಿದವರಿಗೂ, ತಪ್ಪು ಮಾಡಿ ಮುಚ್ಚಿಟ್ಟವರಿಗೂ ನಾನು ಒಂದೇ ತಕ್ಕಡಿ ಹಿಡಿಯುವುದಿಲ್ಲ. ಮೊದಲನೆಯವರ ಜೊತೆ ಕೂತು ಮತ್ತೆ ಹಾಗಾಗದಂತೆ ಏನು ಮಾಡಬಹುದು ಅಂತ ನೋಡುತ್ತೇನೆ. ಎರಡನೆಯವರ ಜೊತೆ ಮುಚ್ಚಿಟ್ಟದ್ದರ ಬಗ್ಗೆ ನೇರವಾಗಿ ಮಾತಾಡುತ್ತೇನೆ, ಬಾಗಿಲು ಹಾಕಿಕೊಂಡು, ಬೇರೆಯವರ ಎದುರಲ್ಲ. ಇನ್ನು ಕೆಲಸವೇ ಆಗದವರು. ಮೊದಲು ಕಾರಣ ಹುಡುಕಿ. ಏನು ಮಾಡಬೇಕು ಅಂತ ಅವರಿಗೆ ಸ್ಪಷ್ಟವಾಗಿ ಹೇಳಿದ್ದೀರಾ? ಕಲಿಯಲು ಸಮಯ ಕೊಟ್ಟಿದ್ದೀರಾ? ಮನೆಯಲ್ಲಿ ಏನಾದರೂ ಇದೆಯಾ? ಎಲ್ಲ ನೋಡಿದ ಮೇಲೂ ಆಗದಿದ್ದರೆ ಅದನ್ನು ಅವರಿಗೆ ಹೇಳುವುದೂ ನಿಮ್ಮದೇ ಕೆಲಸ. ವರ್ಷದ ಕೊನೆಯ ಅಪ್ರೈಸಲ್ ತನಕ ಕಾಯಬೇಡಿ. ಹನ್ನೊಂದು ತಿಂಗಳು ಸುಮ್ನಿದ್ದು ಹನ್ನೆರಡನೇ ತಿಂಗಳಲ್ಲಿ ಹೇಳಿದರೆ, ಇಷ್ಟು ಹೊತ್ತು ನಾವು ಬೇಡ ಅಂತ ಮಾತಾಡಿದ್ದನ್ನೇ ನೀವು ಅವರಿಗೆ ಮಾಡಿದ ಹಾಗೆ. ಗೊತ್ತಾದ ವಾರವೇ ಹೇಳಿ, ಉದಾಹರಣೆ ಕೊಟ್ಟು ಹೇಳಿ. ಸರಿ ಮಾಡಿಕೊಳ್ಳಲು ಅವರಿಗೆ ಇನ್ನೂ ಸಮಯ ಇರುತ್ತದೆ.